ಗ್ಲಾಸ್ ಓರೆಯಾದ್ರೆ ಮೋಟಾರ್ ಬದಲಿಸಲೇಬೇಕಾ?

ಕಾರಿನ ಪವರ್ ವಿಂಡೋ ಗ್ಲಾಸ್ ಓರೆಯಾಗಿ ಏರುತ್ತೆ, ಅರ್ಧಕ್ಕೇ ನಿಲ್ಲುತ್ತೆ. ಜೊತೆಗೆ ಡೋರ್ ಪ್ಯಾಡ್ ಜೋತುಬಿದ್ದಿದೆ. ಮಳೆಗಾಲದಲ್ಲಿ ಇದು ದೊಡ್ಡ ತಲೆನೋವು.

ಯಾರಾದ್ರೂ ‘ಮೋಟಾರ್ ಹೋಗಿದೆ’ ಅಂದ ತಕ್ಷಣ ಒಪ್ಕೋಬೇಡಿ. ಸ್ವಿಚ್ ಒತ್ತಿ, ಒಳಗೆ ಮೋಟಾರ್ ಸದ್ದು ಬರುತ್ತಾ ಕೇಳಿಸಿಕೊಳ್ಳಿ. ಸದ್ದು ಬಂದೂ ಗ್ಲಾಸ್ ಓರೆಯಾದ್ರೆ ದೋಷ ಸಾಮಾನ್ಯವಾಗಿ ಬೇರೆ ಕಡೆ ಇರುತ್ತೆ. ಗ್ಲಾಸನ್ನು ರೆಗ್ಯುಲೇಟರ್‌ಗೆ ಹಿಡಿದಿಡುವ ಬೋಲ್ಟ್ ಸಡಿಲವಾಗಿರಬಹುದು, ಕೇಬಲ್ ಸವೆದಿರಬಹುದು, ಅಂಚಿನ ರಬ್ಬರ್ ಒಣಗಿ ಬಿಗಿಯಾಗಿರಬಹುದು. ಪದೇಪದೇ ಸ್ವಿಚ್ ಒತ್ತಿದ್ರೆ ಮಾತ್ರ ಚೆನ್ನಾಗಿರೋ ಮೋಟಾರೂ ಸುಟ್ಟುಹೋದೀತು.

ಒಣಗಿದ ರಬ್ಬರ್‌ಗೆ ಸಿಲಿಕೋನ್ ಸ್ಪ್ರೇ ಹಾಕಿ. ಎಂಜಿನ್ ಆಯಿಲ್ ಬೇಡ, ರಬ್ಬರ್ ಊದಿಕೊಂಡು ಹಾಳಾಗುತ್ತೆ.

ಪ್ಯಾಡ್ ಜೋತುಬೀಳೋದು ಹೆಚ್ಚಾಗಿ ಹಿಂದಿನ ಪ್ಲಾಸ್ಟಿಕ್ ಕ್ಲಿಪ್‌ಗಳು ಮುರಿದಾಗ. ಕ್ಲಿಪ್ ಬಿಡಿಯಾಗಿ ಸಿಗುತ್ತೆ, ಅದಕ್ಕಾಗಿ ಇಡೀ ಪ್ಯಾಡ್ ಬದಲಿಸೋದು ಬೇಡ.

ಇನ್ನೊಂದು ಮುಖ್ಯ ವಿಷಯ. ಮಳೆನೀರು ಗ್ಲಾಸ್ ಪಕ್ಕದಿಂದ ಡೋರ್ ಒಳಗೆ ಇಳಿಯೋದು ಸಹಜ, ಅದು ತಳದ ತೂತುಗಳಿಂದ ಹೊರಹೋಗುತ್ತೆ. ಆ ನೀರು ಕಾರಿನೊಳಗೆ ಬರದಂತೆ ತಡೆಯೋದು ಪ್ಯಾಡ್ ಹಿಂದೆ ಅಂಟಿಸಿರುವ ಹಾಳೆ. ರಿಪೇರಿಗೆ ಅಂತ ಅದನ್ನ ಹರಿದು ಹಾಗೇ ಬಿಟ್ರೆ ಪ್ಯಾಡ್, ಮ್ಯಾಟ್ ಎಲ್ಲಾ ಒದ್ದೆ. ಹಾಗಾಗಿ ಪ್ಯಾಡ್ ಮುಚ್ಚೋ ಮೊದಲು ಹಾಳೆ ಸರಿಯಾಗಿ ಅಂಟಿದೆಯಾ ಅಂತ ನೀವೇ ನೋಡಿ.

ಒಂದೇ ಸಲ ಒತ್ತಿದ್ರೆ ಪೂರ್ತಿ ಏರೋ ಗ್ಲಾಸ್ ಆದ್ರೆ, ಕೆಲಸ ಮುಗಿದ ಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಹಾಗೆ ರೀಸೆಟ್ ಮಾಡಿಸಿ. ಇಲ್ಲದಿದ್ರೆ ಮಗುವಿನ ಬೆರಳು ಸಿಕ್ಕಿಕೊಂಡಾಗ ಗ್ಲಾಸ್ ತಾನಾಗೇ ಕೆಳಗಿಳಿಯದೇ ಇರಬಹುದು. ಬಿಲ್ ಕಟ್ಟೋ ಮುಂಚೆ ಇದನ್ನ ಕೇಳಿ.