ಪ್ರೀತಿಸಿದವರು ಠಾಣೆಯ ಮೆಟ್ಟಿಲು ಹತ್ತಿದಾಗ



ಪೊಲೀಸರ ಉತ್ತರದಾಯಿತ್ವ ಎಂದ ಕೂಡಲೇ ನಮಗೆ ನೆನಪಾಗುವುದು ಲಾಕಪ್ ಸಾವು, ಲಾಠಿ ಪ್ರಹಾರ, ಲಂಚ. ಇವತ್ತು ನಾನು ಆರಿಸಿಕೊಂಡಿರುವುದು ಅಷ್ಟು ಸದ್ದು ಮಾಡದ ಸಂಗತಿ. ಮನೆಯವರ ಇಷ್ಟಕ್ಕೆ ವಿರುದ್ಧವಾಗಿ ಜೊತೆಯಾದ ಇಬ್ಬರು ವಯಸ್ಕರು ಠಾಣೆಗೆ ಬಂದಾಗ, ಇಲ್ಲವೆ ಠಾಣೆಯೇ ಅವರನ್ನು ಹುಡುಕಿಕೊಂಡು ಹೋದಾಗ ಏನು ನಡೆಯುತ್ತದೆ, ಅದಕ್ಕೆ ಜವಾಬು ಕೊಡುವವರು ಯಾರು ಎಂಬುದು. ವಕೀಲಳಾಗಿ ಕಂಡದ್ದರಿಂದ ನನಗನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರಕರಣಗಳಲ್ಲಿ ಅನ್ಯಾಯದ ಬಹುಪಾಲು ನಡೆಯುವುದು ಕಾಗದಕ್ಕೆ ಇಳಿಯದ ಮಾತುಗಳಲ್ಲಿ. ಬರೆದಿಡದ ಮಾತಿಗೆ ಯಾರೂ ಹೊಣೆಯಾಗುವುದಿಲ್ಲ.

2020ರ ಅಕ್ಟೋಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ ತಂದೆಯೊಬ್ಬರು ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಮಗಳು ಕಾಲೇಜಿನಲ್ಲಿ ಪಾಠ ಹೇಳುವಾಕೆ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೋಗಿ ತಾನು ಮೆಚ್ಚಿದವನನ್ನು ಮದುವೆಯಾಗಿದ್ದಳು. ಮದುವೆಯ ಪ್ರಮಾಣಪತ್ರವನ್ನು ತಂದೆ ತಾಯಿಗೆ ಕಳಿಸಿದ್ದಳು. ಮೊಬೈಲ್ ಕರೆಗಳ ವಿವರ ತೆಗೆಸಿದ ತನಿಖಾಧಿಕಾರಿಗೂ ಆಕೆ ಯಾರ ಜೊತೆಗಿದ್ದಾಳೆಂದು ತಿಳಿದಿತ್ತು. ಮನೆಯವರಿಂದ ಬೆದರಿಕೆ ಇದೆ, ಠಾಣೆಗೆ ಬರಲಾರೆ ಎಂದು ಆಕೆ ಪತ್ರವನ್ನೂ ಬರೆದಳು. ಕಾಣೆಯಾದ ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮುರಗೋಡಕ್ಕೇ ಬಂದು ಹೇಳಿಕೆ ಕೊಡಬೇಕೆಂದು ತನಿಖಾಧಿಕಾರಿ ಪಟ್ಟು ಹಿಡಿದರು. ಬಾರದಿದ್ದರೆ ಮನೆಯವರು ಕಳವಿನ ದೂರು ಕೊಡಬಹುದು, ಗಂಡನ ಮೇಲೆ ಕೇಸಾದರೆ ಬಂಧಿಸಬೇಕಾಗುತ್ತದೆ, ಅವನ ನೌಕರಿಗೂ ತೊಂದರೆ ಎಂಬ ಮಾತುಗಳು ಫೋನಿನಲ್ಲಿ ಬಂದವು. ದಂಪತಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ಫೋನಿನ ಮಾತುಕತೆಯ ಬರಹರೂಪ ನ್ಯಾಯಾಧೀಶರ ಕೈಸೇರಿತು.

2021ರ ಫೆಬ್ರವರಿ 8ರಂದು ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಎಫ್‌ಐಆರ್ ರದ್ದು ಮಾಡಿದರು. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ, ಕುಲದ ಸಮ್ಮತಿ ಬೇಕಿಲ್ಲ ಎಂದರು. ತನಿಖಾಧಿಕಾರಿಗೆ ತಿಳಿಹೇಳಬೇಕು, ಇಂಥ ಪ್ರಕರಣ ನಿಭಾಯಿಸಲು ಪೊಲೀಸರಿಗೆ ತರಬೇತಿಯನ್ನೂ ಮಾರ್ಗಸೂಚಿಯನ್ನೂ 8 ವಾರಗಳೊಳಗೆ ರೂಪಿಸಬೇಕು ಎಂದರು. ಜಾತಿ ವಿನಾಶದ ಬಗ್ಗೆ ಅಂಬೇಡ್ಕರ್ ಬರೆದದ್ದನ್ನು ತೀರ್ಪಿನಲ್ಲೇ ನೆನೆದರು. ನಮ್ಮ ನಾಡಿನ ಒಂದು ಠಾಣೆಯಿಂದ ಹೊರಟ ಈ ತೀರ್ಪು ನಮ್ಮ ಪ್ರತಿ ಠಾಣೆಯ ಗೋಡೆಯ ಮೇಲೂ ಕನ್ನಡದಲ್ಲಿ ತೂಗಬೇಕಿತ್ತು.

ಆ ಇಬ್ಬರೂ ಓದಿದವರು. ಪತ್ರ ಬರೆಯಬಲ್ಲವರು, ಫೋನಿನ ಮಾತನ್ನು ಉಳಿಸಿಕೊಳ್ಳಬಲ್ಲವರು, ದೆಹಲಿಯಲ್ಲಿ ವಕೀಲರನ್ನು ಹಿಡಿಯಬಲ್ಲವರು. ಗಾರ್ಮೆಂಟ್ಸಿನಲ್ಲಿ ದುಡಿಯುವ ಹುಡುಗಿಗೂ ಗಾರೆ ಕೆಲಸದ ಹುಡುಗನಿಗೂ ಈ ದಾರಿ ಎಲ್ಲಿದೆ? ಅವರಿಗೆ ಗೊತ್ತಿರುವುದು ಠಾಣೆಯ ಬೆಂಚು ಮಾತ್ರ. ಆ ಬೆಂಚಿನ ಮೇಲೆ ನಾನೂ ಕೂತಿದ್ದೇನೆ. ಒಳಗಿನ ಕೋಣೆಯಲ್ಲಿ ಹುಡುಗಿಯನ್ನು ನಡುವೆ ನಿಲ್ಲಿಸಿರುತ್ತಾರೆ. ಸುತ್ತಲೂ ಅಪ್ಪ, ಚಿಕ್ಕಪ್ಪ, ಸೋದರಮಾವ, ಊರಿನ ಇಬ್ಬರು ಮುಖಂಡರು. ತಾಯಿ ಬಂದು ಕಾಲು ಹಿಡಿಯುತ್ತಾಳೆ. "ನೋಡಮ್ಮಾ, ನಿನ್ನ ತಂಗಿ ಮದುವೆ ಗತಿ ಏನು? ಒಂದು ವಾರ ಮನೇಲಿದ್ದು ಬಾ, ಆಮೇಲೆ ನಾನೇ ನಿಂತು ಮದುವೆ ಮಾಡಿಸ್ತೀನಿ" ಎನ್ನುತ್ತಾರೆ ಸಾಹೇಬರು. ದನಿಯಲ್ಲಿ ಗದರಿಕೆ ಇಲ್ಲ, ಮನೆಯ ಹಿರಿಯನ ಕಾಳಜಿಯೇ ಇದೆ. ಹುಡುಗನನ್ನು ಹೊರಗೆ ಕೂರಿಸಿ, ಮತ್ತೆ ಅವಳ ತಂಟೆಗೆ ಬರುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಇಡೀ ದಿನದಲ್ಲಿ ಕಾಗದಕ್ಕೆ ಇಳಿಯುವುದು ಆ ಮುಚ್ಚಳಿಕೆ ಒಂದೇ. ಒಳಗೆ ಅವಳು ಏನು ಹೇಳಿದಳು, ಎಷ್ಟು ಸಲ ಬೇಡವೆಂದಳು, ಠಾಣಾ ದಿನಚರಿಯಲ್ಲಿ ಅದರ ಗುರುತೇ ಇರುವುದಿಲ್ಲ. ಸಂಜೆ ಅವಳು ಅಪ್ಪನ ಗಾಡಿ ಹತ್ತುತ್ತಾಳೆ. ರಾಜಿಯಾಯಿತು ಎನ್ನುತ್ತಾರೆ.

ಅವಳನ್ನು ಠಾಣೆಗೆ ಕರೆಸಿದ್ದೇ ಕಾನೂನಿಗೆ ಹೊರತು ಎಂಬುದು ಅನೇಕರಿಗೆ ಗೊತ್ತಿಲ್ಲ. ತನಿಖೆಗಾಗಿ ಹೆಣ್ಣುಮಗಳನ್ನು ಆಕೆ ವಾಸವಿರುವ ಜಾಗ ಬಿಟ್ಟು ಬೇರೆಡೆ ಹಾಜರಾಗುವಂತೆ ಬಲವಂತ ಮಾಡಕೂಡದೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 160ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಅದನ್ನೇ ಉಳಿಸಿಕೊಂಡಿದೆ. ಅಧಿಕಾರಿ ಆಕೆ ಇರುವಲ್ಲಿಗೆ ಹೋಗಿ, ವಯಸ್ಸಿನ ದಾಖಲೆ ನೋಡಿ, ಸ್ವಂತ ಇಷ್ಟದಿಂದ ಇದ್ದೀಯಾ ಎಂದು ಕೇಳಿ, ಉತ್ತರ ಬರೆದುಕೊಂಡು ಬರಬೇಕು. ಕೆಲಸ ಇಷ್ಟೇ. ಹೆತ್ತವರ ಸಂಕಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ತಾಯಿಯ ಅಳು ನನ್ನ ಕಿವಿಯಲ್ಲೂ ಇದೆ. ಆದರೆ ಆ ಸಂಕಟಕ್ಕೆ ಸಮಾಧಾನ ಹೇಳುವವರು ನೆಂಟರು, ಸ್ನೇಹಿತರು. ಖಾಕಿ ತೊಟ್ಟವರು ತಂದೆಯ ಪರವಾಗಿ ಮಾತಾಡತೊಡಗಿದರೆ ಮಗಳಿಗೆ ಹೋಗಲು ಬೇರೆ ಬಾಗಿಲೇ ಉಳಿಯುವುದಿಲ್ಲ.

ಬಾಗಿಲು ಮುಚ್ಚಿದರೆ ಏನಾಗುತ್ತದೆಂದು 2018ರಲ್ಲಿ ಕಂಡೆವು. ಆ ವರ್ಷ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ವಿವರವಾದ ನಿರ್ದೇಶನ ಕೊಟ್ಟರು. ಮರ್ಯಾದೆಯ ಹೆಸರಿನ ಹಿಂಸೆಗೆ ಗುರಿಯಾಗಬಹುದಾದ ಜೋಡಿಗಳಿಗೆ ಜಿಲ್ಲಾ ಮಟ್ಟದಲ್ಲಿ ಸುರಕ್ಷಿತ ವಸತಿ, ದೂರು ಕೇಳಲು ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ. ನಿರ್ದೇಶನ ಪಾಲಿಸದ ಅಧಿಕಾರಿಯದು ಉದ್ದೇಶಪೂರ್ವಕ ನಿರ್ಲಕ್ಷ್ಯವೆಂದು ಪರಿಗಣಿಸಿ, ಸಾಧ್ಯವಾದಷ್ಟೂ 6 ತಿಂಗಳೊಳಗೆ ಇಲಾಖಾ ಕ್ರಮ ಮುಗಿಸಬೇಕೆಂದೂ ಹೇಳಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಕೇರಳದ ಕೊಟ್ಟಾಯಂನಲ್ಲಿ, ಮದುವೆಯಾಗಿ ದಿನಗಳಷ್ಟೇ ಕಳೆದಿದ್ದ ದಲಿತ ಕ್ರೈಸ್ತ ಯುವಕನನ್ನು ಹುಡುಗಿಯ ಕಡೆಯವರು ರಾತ್ರೋರಾತ್ರಿ ಎತ್ತಿಕೊಂಡು ಹೋದರು. ಗಂಡನನ್ನು ಹುಡುಕಿಕೊಡಿ ಎಂದು ಬಂದ ಹೆಂಡತಿಗೆ ಗಾಂಧಿನಗರ ಠಾಣೆಯಲ್ಲಿ ಸಿಕ್ಕ ಉತ್ತರ, ಮುಖ್ಯಮಂತ್ರಿಗಳ ಕಾರ್ಯಕ್ರಮದ ಬಂದೋಬಸ್ತಿದೆ ಎಂಬುದು. ಗಸ್ತಿನಲ್ಲಿದ್ದ ಪೊಲೀಸರು ಅಪಹರಣಕಾರರಿಂದ 2000 ರೂಪಾಯಿ ಪಡೆದದ್ದೂ ಹೊರಬಂತು. ಮೇ 28ರಂದು ಅವನ ಶವ ಹೊಳೆಯಲ್ಲಿ ಸಿಕ್ಕಿತು. 2019ರ ಆಗಸ್ಟ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಇದನ್ನು ಮರ್ಯಾದೆಗೇಡು ಹತ್ಯೆ ಎಂದೇ ಕರೆದು 10 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೊಂದವರಿಗೆ ಶಿಕ್ಷೆಯಾಯಿತು. ಆ ಬೆಳಗ್ಗೆ ಠಾಣೆಯಿಂದ ಒಂದು ಜೀಪು ಹೊರಟಿದ್ದರೆ ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಪೊಲೀಸರೆಲ್ಲ ಕಟುಕರೆಂದು ನಾನು ನಂಬಿಲ್ಲ. ಠಾಣೆಯಲ್ಲಿ ಕೂತವರೂ ಇದೇ ಊರುಗಳಿಂದ, ಇದೇ ಜಾತಿಗಳಿಂದ ಬಂದವರು. ಶಾಸಕರ ಕಡೆಯಿಂದ ಫೋನು ಬರುತ್ತದೆ, ಮಾತು ಕೇಳದವನಿಗೆ ವರ್ಗಾವಣೆ ಕಾದಿರುತ್ತದೆ. ಸಾಹೇಬರ ಗೈರಿನಲ್ಲಿ ಜೋಡಿಯೊಂದನ್ನು ಹಿಂಬಾಗಿಲಿನಿಂದ ಕರೆದೊಯ್ದು ಬಸ್ಸು ಹತ್ತಿಸಿದ ಮಹಿಳಾ ಕಾನ್‌ಸ್ಟೆಬಲ್‌ ಒಬ್ಬರನ್ನು ನಾನು ಬಲ್ಲೆ. ಆದರೆ ಒಬ್ಬ ಒಳ್ಳೆಯ ಕಾನ್‌ಸ್ಟೆಬಲ್ ಅವತ್ತು ಡ್ಯೂಟಿಯಲ್ಲಿದ್ದರೆ ಮಾತ್ರ ಜೀವ ಉಳಿಯುವುದಾದರೆ ಅದನ್ನು ವ್ಯವಸ್ಥೆ ಎನ್ನಲಾಗದು.

ವ್ಯವಸ್ಥೆ ಬದಲಾಗಬಲ್ಲದೆಂಬುದಕ್ಕೆ ಪಕ್ಕದ ತಮಿಳುನಾಡು ಸಾಕ್ಷಿ. ಜೊತೆಗಿರಲು ಬಯಸಿದ ಇಬ್ಬರು ಹೆಣ್ಣುಮಕ್ಕಳ ಪ್ರಕರಣ 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯದಲ್ಲಿ ತಮ್ಮ ತಿಳಿವಳಿಕೆ ಸಾಲದು ಎಂದು ಅವರು ಬಹಿರಂಗವಾಗಿ ಹೇಳಿ, ಮನಃಶಾಸ್ತ್ರಜ್ಞರ ಬಳಿ ಕೂತು ಕಲಿತು, ಆಮೇಲೆ ಆದೇಶ ಬರೆದರು. ಕಾಣೆಯಾದ ದೂರಿನಲ್ಲಿ ಸಿಕ್ಕವರು ಒಪ್ಪಿ ಜೊತೆಗಿರುವ ವಯಸ್ಕರೆಂದು ತಿಳಿದ ಮೇಲೆ, ಹೇಳಿಕೆ ಪಡೆದು, ಕಿರುಕುಳ ಕೊಡದೆ ದೂರು ಮುಕ್ತಾಯ ಮಾಡಬೇಕು ಎಂದರು. ಮರುವರ್ಷ ಅಲ್ಲಿನ ಸರ್ಕಾರ ಪೊಲೀಸರ ನಡತೆ ನಿಯಮಗಳಿಗೇ ತಿದ್ದುಪಡಿ ತಂದು, ಲೈಂಗಿಕ ಅಲ್ಪಸಂಖ್ಯಾತರಿಗೂ ಅವರಿಗಾಗಿ ದುಡಿಯುವವರಿಗೂ ಕಿರುಕುಳ ಕೊಡುವುದನ್ನು ನಿಷೇಧಿಸಿತು. ಸೇವಾ ನಿಯಮದಲ್ಲಿ ಒಂದು ವಾಕ್ಯ ಸೇರಿದರೆ ಅದರ ತೂಕವೇ ಬೇರೆ. ಉಪದೇಶ ಮರೆತುಹೋಗುತ್ತದೆ, ಬಡ್ತಿಗೆ ಅಡ್ಡಬರುವ ನಿಯಮ ಮರೆಯುವುದಿಲ್ಲ. ಕರ್ನಾಟಕವೂ ಇದನ್ನು ಮಾಡಬೇಕು, ಜಾತಿ ಧರ್ಮ ಮೀರಿ ಮದುವೆಯಾಗುವ ಎಲ್ಲ ವಯಸ್ಕರನ್ನೂ ಸೇರಿಸಿಕೊಂಡು. ನಮ್ಮ ಸಮಾಜ ಕಲ್ಯಾಣ ಇಲಾಖೆ ಅಂತರ್ಜಾತಿ ವಿವಾಹಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಅದೇ ಸರ್ಕಾರದ ಇನ್ನೊಂದು ಇಲಾಖೆ ಅದೇ ದಂಪತಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ಸರಿಯೇ?

ಇನ್ನು ಈಗಾಗಲೇ ಕೈಯಲ್ಲಿರುವ ಸಾಧನಗಳು. ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ ಪೊಲೀಸ್ ದೂರು ಪ್ರಾಧಿಕಾರಗಳು ಬಂದವು; ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಅವಕ್ಕೆ ಅವಕಾಶ ಮಾಡಿತು. ಈ ಸಭೆಯಲ್ಲಿ ಎಷ್ಟು ಜನರಿಗೆ ತಮ್ಮ ಜಿಲ್ಲೆಯ ಪ್ರಾಧಿಕಾರ ಎಲ್ಲಿದೆಯೆಂದು ಗೊತ್ತು? 2020ರ ಡಿಸೆಂಬರ್ 2ರ ಸುಪ್ರೀಂ ಕೋರ್ಟ್ ಆದೇಶದಂತೆ ಠಾಣೆಯ ಪ್ರವೇಶದ್ವಾರದಿಂದ ಹಿಡಿದು ಇನ್‌ಸ್ಪೆಕ್ಟರ್ ಕೋಣೆಯವರೆಗೆ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕು. 18 ತಿಂಗಳ ದೃಶ್ಯ ಉಳಿಯಬೇಕು, ಅಂಥ ಉಪಕರಣ ಸಿಗದಿದ್ದರೂ ಕನಿಷ್ಠ ಒಂದು ವರ್ಷದ್ದಾದರೂ ಇರಬೇಕು. ನಾನು ಹೇಳಿದ ಆ ಒಳಗಿನ ಕೋಣೆಯ ಮಾತುಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಿರಿಯರಿಗೆ ಒಂದು ಮಾತು. ಠಾಣೆಗೆ ಒಬ್ಬರೇ ಹೋಗಬೇಡಿ. ಹೇಳುವುದನ್ನು ಬರೆದು ಕೊಡಿ, ಪ್ರತಿಗೆ ಹಿಂಬರಹ ಪಡೆಯಿರಿ, ಅದರದೇ ಒಂದು ಪ್ರತಿಯನ್ನು ಎಸ್.ಪಿ.ಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಿರಿಯರಲ್ಲಿ, ಈ ಊರಿನ ಮೇಷ್ಟ್ರುಗಳಲ್ಲಿ, ವಕೀಲರಲ್ಲಿ, ಸಂಘಟನೆಗಳವರಲ್ಲಿ ನನ್ನ ಬೇಡಿಕೆ ಇಷ್ಟು: ನಿಮ್ಮ ಜಿಲ್ಲೆಯ ಎಸ್.ಪಿ. ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2018ರ ತೀರ್ಪು ಹೇಳಿದ ವಿಶೇಷ ಘಟಕ ಎಲ್ಲಿದೆ, ಸುರಕ್ಷಿತ ವಸತಿ ಎಲ್ಲಿದೆ, ನಿರ್ಲಕ್ಷ್ಯಕ್ಕಾಗಿ ಈವರೆಗೆ ಎಷ್ಟು ಅಧಿಕಾರಿಗಳ ಮೇಲೆ ಕ್ರಮವಾಗಿದೆ ಎಂದು ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ.