ಎರಡಾಗಿ ಒಡೆದ ಬೀಗ

14 ಅಂಕಿಗಳ ಒಂದು ಬೀಗವಿದೆ ಎಂದುಕೊಳ್ಳಿ. ಗುಟ್ಟು ತಿಳಿಯದ ಕಳ್ಳ ಅಂಕಿಗಳನ್ನು ತಿರುಗಿಸುತ್ತಾ ಕೂತರೆ, ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಸಲ ಪ್ರಯತ್ನಿಸಬೇಕಾದೀತು. ಅದನ್ನೇ ಏಳೇಳು ಅಂಕಿಗಳ ಎರಡು ಬೀಗ ಮಾಡಿದರೆ? ಇದಕ್ಕೊಂದು ಕೋಟಿ, ಅದಕ್ಕೊಂದು ಕೋಟಿ. ಒಟ್ಟು ಎರಡೇ ಕೋಟಿ!

1980ರ ದಶಕದ ಕೊನೆಯಲ್ಲಿ ಬಂದ ಮೈಕ್ರೋಸಾಫ್ಟ್‌ನ ಲ್ಯಾನ್ ಮ್ಯಾನೇಜರ್‌ನಲ್ಲಿ ಆದದ್ದು ಇದೇ. ಕಚೇರಿಯ ಕಂಪ್ಯೂಟರುಗಳನ್ನು ಒಂದು ಜಾಲಕ್ಕೆ ಜೋಡಿಸಿ, ಬಂದವರು ಯಾರೆಂದು ಪಾಸ್‌ವರ್ಡ್‌ನಿಂದ ಗುರುತಿಸುವ ಏರ್ಪಾಡು ಅದರಲ್ಲಿತ್ತು. ಪಾಸ್‌ವರ್ಡನ್ನು ಇದ್ದ ಹಾಗೇ ಇಡದೆ, ಗುರುತು ಸಿಗದಂತೆ ಕಲಸಿ ‘ಹ್ಯಾಶ್’ ಮಾಡಿ ಇಡುತ್ತಿತ್ತು. ಆದರೆ ಕಲಸುವ ಮೊದಲೇ ಸಣ್ಣ ಅಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿ, ಏಳೇಳು ಅಕ್ಷರಗಳ ಎರಡು ತುಂಡಾಗಿ ಕತ್ತರಿಸುತ್ತಿತ್ತು. ಜೊತೆಗೆ ಒಂದೇ ಪಾಸ್‌ವರ್ಡಿಗೆ ಎಲ್ಲಿ ಹೋದರೂ ಒಂದೇ ಹ್ಯಾಶ್. ಹಾಗಾಗಿ ಉತ್ತರಗಳನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಲು ಸಾಧ್ಯವಾಯಿತು. 2003ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕ ಫಿಲಿಪ್ ಓಕ್ಸ್‌ಲಿನ್, ಬರೀ ಅಕ್ಷರ ಮತ್ತು ಅಂಕಿಗಳಿರುವ ಇಂಥ ಪಾಸ್‌ವರ್ಡುಗಳಲ್ಲಿ ನೂರಕ್ಕೆ 99.9ರಷ್ಟನ್ನು ಸರಾಸರಿ 13.6 ಸೆಕೆಂಡಿನಲ್ಲಿ ಬಿಡಿಸಿ ತೋರಿಸಿದರು.

ಅಷ್ಟು ಹೊತ್ತಿಗೆ ಇದರ ಉತ್ತರಾಧಿಕಾರಿ ಬಂದು ಹತ್ತು ವರ್ಷವಾಗಿತ್ತು. 1993ರ ವಿಂಡೋಸ್ ಎನ್‌ಟಿಯೊಡನೆ ಬಂದ ‘ಎನ್‌ಟಿಎಲ್‌ಎಂ’ ಪಾಸ್‌ವರ್ಡನ್ನು ತುಂಡರಿಸುತ್ತಿರಲಿಲ್ಲ. ಆದರೂ ಅದರಲ್ಲಿ ಇನ್ನೊಂದು ಬಿರುಕಿತ್ತು: ಹ್ಯಾಶ್ ಕದ್ದವನಿಗೆ ಪಾಸ್‌ವರ್ಡ್ ಬೇಕೇ ಆಗುವುದಿಲ್ಲ, ಹ್ಯಾಶನ್ನೇ ತೋರಿಸಿ ಒಳಗೆ ಬರಬಹುದು.

ಹಾಗಾದರೆ ಹಳೆಯದನ್ನು ಅಂದೇ ಏಕೆ ತೆಗೆದುಹಾಕಲಿಲ್ಲ? ಹಳೆಯ ಯಂತ್ರಗಳ ಕೆಲಸ ನಿಲ್ಲಬಾರದಲ್ಲ! ಅವುಗಳಿಗಾಗಿ ಹೊಸ ವಿಂಡೋಸ್‌ಗಳೂ ಹೊಸ ಹ್ಯಾಶ್ ಪಕ್ಕದಲ್ಲೇ ಹಳೆಯದನ್ನೂ ಬರೆದಿಡುತ್ತಿದ್ದವು. ಮುಂಬಾಗಿಲಿಗೆ ಹೊಸ ಬೀಗ, ಹಿತ್ತಲ ಬಾಗಿಲಿಗೆ ಸವೆದ ಅಗುಳಿ. ವಿಂಡೋಸ್ ವಿಸ್ತಾ ಬಂದ ಮೇಲೆಯೇ ಈ ರೂಢಿ ತಾನಾಗಿ ನಿಂತದ್ದು. ಇನ್ನು ಎನ್‌ಟಿಎಲ್‌ಎಂ ಅನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ ಸಾರಿದ್ದು 2024ರಲ್ಲಿ, ಮೂವತ್ತು ವರ್ಷ ದಾಟಿದ ಮೇಲೆ.

ಕೇಳುಗರೇ, ಹಳೆಯದನ್ನು ಕಟ್ಟಿದವರು ದಡ್ಡರಲ್ಲ. ಅಂದಿನ ಕಂಪ್ಯೂಟರಿನ ಶಕ್ತಿಗೆ ತಕ್ಕಂತೆ ಕಟ್ಟಿದರು. ಅದನ್ನು ಕಾಲಕ್ಕೆ ಸರಿಯಾಗಿ ತೆಗೆಯುವ ಹೊಣೆ ಬಳಸುವವರದು. ನಾಳೆ ಕಚೇರಿಗೆ ಹೋದಾಗ, ಕಂಪ್ಯೂಟರ್ ಜಾಲ ನೋಡಿಕೊಳ್ಳುವವರನ್ನು ಎರಡು ಮಾತು ಕೇಳಿ: ಹಳೆಯ ವಿಧಾನ ಇನ್ನೂ ನಡೆಯುತ್ತಿದೆಯೇ? ನಡೆಯುತ್ತಿದ್ದರೆ, ಯಾವ ಯಂತ್ರಕ್ಕಾಗಿ? ಎಷ್ಟೋ ಕಡೆ ಆ ಒಂದು ಯಂತ್ರವನ್ನು ಬದಲಿಸಿದರೆ ಹಿತ್ತಲ ಬಾಗಿಲು ಮುಚ್ಚುತ್ತದೆ.