ಕಾಫಿಗೆ ರೇಟ್ ಇದೆ, ನೆರಳಿಗೆ?

ಕಾಫಿ ಅಂದ ತಕ್ಷಣ ಬಾಬಾ ಬುಡನ್, ಮೋಕಾ ಬಂದರು, ಏಳು ಬೀಜ ಅಂತ ಶುರು ಮಾಡೋದು ರೂಢಿ. ಆ ಕಥೆ ನಿಮಗೆ ಗೊತ್ತು, ಬಿಡಿ. ಇವತ್ತು ಕಾಫಿ ಗಿಡದ ಮೇಲಿರೋ ಮರದ ಬಗ್ಗೆ ಮಾತಾಡೋಣ.

ಬ್ರೆಜಿಲ್‌ನಲ್ಲಿ ಹೆಚ್ಚಿನ ಕಾಫಿ ನೇರ ಬಿಸಿಲಲ್ಲೇ ಬೆಳೆಯುತ್ತೆ. ನಮ್ಮ ಬಾಬಾಬುಡನ್‌ಗಿರಿ ಸಾಲಿನಲ್ಲಿ ಹಾಗಲ್ಲ. ಸಾವಿರ ಮೀಟರ್ ಎತ್ತರದ ಹಳೇ ಅರೇಬಿಕಾ ತೋಟಕ್ಕೆ ಕಾಲಿಟ್ರೆ, ಇದೇನು ಕಾಡಿಗೆ ಬಂದ್ವಾ ಅನ್ಸುತ್ತೆ. ಮೇಲೆ ಅತ್ತಿ, ಹಲಸು, ನಂದಿ, ಬೀಟೆ. ಅದರ ಕೆಳಗೆ ಹಾಲುವಾಣ. ಅದರ ಬುಡದಲ್ಲಿ ಕಾಫಿ.

ಇದು ಚಂದಕ್ಕೆ ಬಿಟ್ಟ ಕಾಡಲ್ಲ. ನೆರಳು ಜಾಸ್ತಿ ಆದ್ರೆ ಮಳೆಗಾಲದಲ್ಲಿ ಕೊಳೆರೋಗ. ಕಡಿಮೆ ಆದ್ರೆ ಬಿಳಿ ಕಾಂಡಕೊರಕ. ಈ ದುಂಬಿಗೆ ಬಿಸಿಲು ಬಿದ್ದು ಬೆಚ್ಚಗಿರೋ ಕಾಂಡ ಇಷ್ಟ. ತೊಗಟೆ ಬಿರುಕಲ್ಲಿ ಮೊಟ್ಟೆ ಇಡುತ್ತೆ, ಮರಿ ಒಳಗೇ ಕೊರೆಯುತ್ತೆ. ಆಮೇಲೆ ಔಷಧಿ ಅಂತ ಏನಿಲ್ಲ, ಗಿಡ ಕಿತ್ತು ಸುಡಬೇಕು. ಹೊಸ ಗಿಡ ಫಸಲು ಕೊಡೋಕೆ ಮೂರ್ನಾಲ್ಕು ವರ್ಷ. ಅದಕ್ಕೇ ವರ್ಷವರ್ಷ ಮರಗಸಿ: ಆಳುಗಳು ಮರ ಹತ್ತಿ, ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಅಂತ ನೋಡಿ ಕಡೀತಾರೆ. ಅಪಾಯದ ಕೆಲಸ. ಗೊತ್ತಿರೋರು ಸಿಗೋದೂ ಕಷ್ಟ, ಕೂಲಿಯೂ ಜಾಸ್ತಿ.

ಈಗ ಬಿಕಾಂ ಓದಿದ ನನ್ನ ತಲೆ ಲೆಕ್ಕಕ್ಕೆ ಬರುತ್ತೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೆಟ್ಟಗೆ, ಬೇಗ ಬೆಳೆಯುತ್ತೆ. ಮೆಣಸಿನ ಬಳ್ಳಿ ಹಬ್ಬಿಸಬಹುದು. ದುಡ್ಡು ಬೇಕಾದಾಗ ಕಡಿದು ಮಾರೋಕೆ ಅನುಮತಿಯ ರಗಳೆಯೂ ಕಡಿಮೆ. ಬೀಟೆ ಕಡೀಬೇಕಾದ್ರೆ ಅರಣ್ಯ ಇಲಾಖೆ ಬಾಗಿಲು ತಟ್ಟಬೇಕು. ಕಾಡುಮರ ಉಳೀಲಿ ಅಂತ ಮಾಡಿದ ಕಾನೂನೇ, ಕಾಡುಮರ ನೆಡೋ ಆಸೆಯನ್ನ ಕೊಂದುಹಾಕಿದೆ. ಹಳೇ ಮರ ಹೋದ ಜಾಗಕ್ಕೆ ಸಿಲ್ವರ್ ಬರ್ತಿದೆ. ಅದರ ಎಲೆ ಬೇಗ ಕೊಳೆತು ಗೊಬ್ಬರ ಆಗಲ್ಲ, ಅತ್ತಿ ಹಣ್ಣಿಗೆ ಬರೋ ಹಕ್ಕಿಗೆ ಅಲ್ಲೇನೂ ಸಿಗಲ್ಲ.

ಬೆಳೆಗಾರರನ್ನ ಬೈದು ಪ್ರಯೋಜನ ಇಲ್ಲ ಕಣ್ರೀ. ವ್ಯಾಪಾರಿ ನೋಡೋದು ತೇವ, ಔಟ್‌ಟರ್ನ್, ಬೀಜದ ಗಾತ್ರ. ಮರಕ್ಕೆ ಅಲ್ಲಿ ಕಾಲಂ ಇಲ್ಲ. 2019ರಲ್ಲಿ ಬಾಬಾಬುಡನ್‌ಗಿರೀಸ್ ಅರೇಬಿಕಾಗೆ ಜಿಐ ಟ್ಯಾಗ್ ಸಿಕ್ತು, ಹೆಸರು ಉಳೀತು, ಒಳ್ಳೇದೇ. ಆದ್ರೆ ಹಲಸಿನ ಮರ ಕಾಯ್ದುಕೊಂಡವರಿಗೆ ಮೂಟೆಗೆ ಇಷ್ಟು ಹೆಚ್ಚು ಅಂತ ಯಾರು ಕೊಡ್ತಾರೆ?

ನಾವು ಬೆಂಗಳೂರಿನ ಕೆಫೆಗಳಲ್ಲಿ ‘ಶೇಡ್ ಗ್ರೋನ್’ ಅಂತ ಬರೆದಿರೋ ಪ್ಯಾಕೆಟ್‌ಗೆ ಜಾಸ್ತಿ ದುಡ್ಡು ಕೊಡ್ತೀವಲ್ಲ, ಮುಂದಿನ ಸಲ ಯಾವ ಮರದ ನೆರಳು ಅಂತ ಕೇಳಿ. ಏನು ಉತ್ತರ ಬಂತು ಅಂತ ನನಗೂ ವಾಯ್ಸ್ ನೋಟ್ ಕಳ್ಸಿ.